ನುಂಗಿದ ‘ಕ’

ಕಬಡ್ಡಿ ಆಡುವುದೇ ಈಗ ನನ್ನ ಸಂಬಳದ ಕೆಲಸ. ಆದರೆ ಹದಿಮೂರು ತುಂಬುವ ತನಕ ನಾನು ಒಮ್ಮೆಯೂ ‘ಕಬಡ್ಡಿ’ ಎಂದವಳಲ್ಲ ಎಂದರೆ ಜೊತೆಯ ಆಟಗಾರ್ತಿಯರು ನಂಬುವುದಿಲ್ಲ.

ಅರಸೀಕೆರೆಯಲ್ಲಿ ರೈಲು ಹಳಿಯ ಆಚೆಗೆ ನಮ್ಮ ಬೀದಿ. ಆಗಾಗ ಯಾರದೋ ತಲೆ ಒಡೆದು ಪೊಲೀಸ್ ಜೀಪು ಬರುತ್ತಿತ್ತು. ಬೀದಿಯ ಹೆಸರು ಕೇಳಿದರೆ ಸಾಕು, ಶಾಲೆಯಲ್ಲಿ ಪಕ್ಕದವರು ಬೆಂಚಿನ ತುದಿಗೆ ಸರಿಯುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಸರಿದವರನ್ನು ಇನ್ನಷ್ಟು ತಳ್ಳುತ್ತಿದ್ದೆ. ಆ ಬೀದಿಯ ಮಣ್ಣಿನಲ್ಲೇ ನಾವು ಆಟ ಕಲಿತದ್ದು. ಉಸಿರು ಉಳಿಯಲೆಂದು ಎಲ್ಲರೂ ‘ಕ’ ನುಂಗಿ ‘ಬಡಿ ಬಡಿ ಬಡಿ’ ಎನ್ನುತ್ತಿದ್ದೆವು. ತಪ್ಪು ಎನ್ನುವವರು ಯಾರೂ ಇರಲಿಲ್ಲ.

ಕ್ರೀಡಾ ಹಾಸ್ಟೆಲಿಗೆ ಆಯ್ಕೆ ನಡೆದದ್ದು ಬೇಲೂರಿನ ಮೈದಾನದಲ್ಲಿ. ಆಯ್ಕೆಯಾದರೆ ಊಟ, ಓದು, ಆಟ ಎಲ್ಲ ಅಲ್ಲೇ. ಇಲ್ಲದಿದ್ದರೆ ಶಾಲೆ ಬಿಟ್ಟು ಅವ್ವನ ಜೊತೆ ಕೊಬ್ಬರಿ ಸುಲಿಯಲು ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮೊದಲ ದಾಳಿಯಲ್ಲೇ ಇಬ್ಬರನ್ನು ಮುಟ್ಟಿ ಬಂದೆ. ಅಂಪೈರ್ ಸೀಟಿ ಊದಿ ಅಂಕವನ್ನು ಎದುರಿನವರಿಗೆ ಕೊಟ್ಟರು.

“ಮುಟ್ಟಿವ್ನಿ ಸಾರ್, ಬೇಕಾದ್ರೆ ಅವ್ರನ್ನೇ ಕೇಳಿ,” ಎಂದೆ.

“ಮುಟ್ಟಿದ್ದು ಸರಿಯಮ್ಮ. ಕಬಡ್ಡಿ ಅಂದಿದ್ದೆಲ್ಲಿ? ಬರೀ ಬಡಿ ಬಡಿ ಅಂತೀಯ.”

“ಬಡಿದಾಡೋ ಬೀದಿಯವಳು, ಇನ್ನೇನು ಅಂತಾಳೆ,” ಎಂದು ಎದುರು ತಂಡದಲ್ಲಿದ್ದ ನಮ್ಮೂರಿನ ಹುಡುಗಿಯೊಬ್ಬಳು ನಕ್ಕಳು. ನನ್ನ ಕೈ ಮೇಲೆದ್ದೇ ಬಿಟ್ಟಿತ್ತು. ನಮ್ಮ ಶಾಲೆಯ ಪಿ.ಟಿ. ಮಿಸ್ ಓಡಿ ಬಂದು ಹಿಡಿದುಕೊಂಡರು.

“ಮುಂದಿನ ಭಾನುವಾರ ಇನ್ನೊಂದು ಸುತ್ತಿದೆ. ಈಗ ಹೊಡೆದ್ರೆ ಅದೂ ಹೋಗುತ್ತೆ. ಬಾಯಿ ಸರಿ ಮಾಡ್ಕೋ.”

ಹೇಳಿದಷ್ಟು ಸುಲಭವಿರಲಿಲ್ಲ. ‘ಕ’ ಸೇರಿಸಿದರೆ ನಡುದಾರಿಯಲ್ಲೇ ಉಸಿರು ಕೈಕೊಡುತ್ತಿತ್ತು. ಆಟದ ಗಂಧಗಾಳಿಯಿಲ್ಲದ ಅವ್ವ, ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿಸುತ್ತಿದ್ದಳು. ಅಲ್ಲಿಗೆ ಪಕ್ಕದ ಮನೆಯ ಹೆಂಗಸೂ ಬರುತ್ತಿದ್ದಳು. ನೀರಿನ ಜಗಳವಾಡಿ ಅವ್ವನೊಂದಿಗೆ ವರ್ಷದಿಂದ ಮಾತು ಬಿಟ್ಟಿದ್ದವಳು. ಮೂರನೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

“ಕ ಕೇಳಿಸ್ಲಿಲ್ಲ ಕಣೇ. ತಿರ್ಗಾ ಅನ್ನು.”

ಇನ್ನೊಮ್ಮೆ ಅಂದೆ. ಅವ್ವ ಅವಳತ್ತ ತಿರುಗಿ, “ಈಗ ಕೇಳಿಸ್ತಾ?” ಎಂದಳು. ಶುಕ್ರವಾರದ ಹೊತ್ತಿಗೆ ಸಾಲಿನಲ್ಲಿದ್ದವರೆಲ್ಲ ನನ್ನ ತಪ್ಪು ಹಿಡಿಯುತ್ತಿದ್ದರು. ನಾಚಿಕೆಯಾಗುತ್ತಿತ್ತು, ನಿಜ ಹೇಳಬೇಕೆಂದರೆ ಖುಷಿಯೂ ಆಗುತ್ತಿತ್ತು.

ಭಾನುವಾರ ಕೊನೆಯ ದಾಳಿಯಲ್ಲಿ ಮೂವರು ನನ್ನ ಕಾಲಿಗೆ ಜೋತುಬಿದ್ದರು. ಅವರನ್ನೂ ಎಳೆದುಕೊಂಡು, ನಡುಗೆರೆಗೆ ಬೆರಳು ತಾಗುವ ತನಕ ಒಂದು ‘ಕ’ವನ್ನೂ ಬಿಡದೆ ಹೇಳಿದೆ. ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರನ್ನು ಕೊನೆಯದಾಗಿ ಓದಿದರು.

ಮಿಸ್ ತಮ್ಮ ಫೋನಿನಲ್ಲಿ ಅವ್ವನಿಗೆ ಕರೆ ಮಾಡಿ ನನ್ನ ಕೈಗೆ ಕೊಟ್ಟರು. ಸುದ್ದಿ ಹೇಳಿದೆ.

“ಅಂಗಾರೆ ನೀನು ಸ್ಕೂಲು ಬಿಡಂಗಿಲ್ವಾ?”

“ಇಲ್ಲ ಕಣವ್ವ, ಬಿಡಂಗಿಲ್ಲ.”

ಫೋನು ಇಡುವುದನ್ನೂ ಮರೆತು ಅವಳು ಕೊಬ್ಬರಿ ಸುಲಿಯುತ್ತಿದ್ದವರಿಗೆಲ್ಲ ಹೇಳತೊಡಗಿದಳು: “ನನ್ ಮಗ್ಳು ಸ್ಕೂಲು ಬಿಡಂಗಿಲ್ವಂತೆ ಕಣ್ರೇ. ಬಿಡಂಗೇ ಇಲ್ವಂತೆ.” ಮೈದಾನದಲ್ಲಿ ಎಲ್ಲರೂ ನೋಡುತ್ತಿದ್ದರು. ನಾನು ಫೋನು ಕಿವಿಗೆ ಒತ್ತಿಕೊಂಡು ಅಳುತ್ತಾ ನಿಂತಿದ್ದೆ.