ಒಂಟಿ ಕಾಲುಚೀಲದ ಪುಟ

ಜಪಾನಿನ ಉವಾಜಿಮಾ ಊರಿನ ಅಂಗಡಿ ಬೀದಿಯಲ್ಲಿ ಇಸೊಗಾಯ್ ನೊಬುಕೋ ಅವರ ಮುಖ ಗೊತ್ತಿಲ್ಲದವರು ಇರಬಹುದು, ಅವರ ಅಕ್ಷರ ಗೊತ್ತಿಲ್ಲದವರಿಲ್ಲ. ಮೊರಿಯಾಸು ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದೇ ಕೂದಲು ನೆರೆಸಿಕೊಂಡ ಈಕೆ, ಹೊಸ ಪುಸ್ತಕ ಬಂದಾಗಲೆಲ್ಲ ಅಂಗೈಯಗಲದ ಕಾರ್ಡಿನ ಮೇಲೆ ಬಣ್ಣದ ಪೆನ್ನಿನಲ್ಲಿ ನಾಲ್ಕು ಸಾಲು ಬರೆದು ರಾಶಿಯ ಮೇಲೆ ನಿಲ್ಲಿಸುತ್ತಾರೆ. ಜನ ಮುಖಪುಟ ನೋಡುವುದಿಲ್ಲ, ಬರೆದವರು ಯಾರೆಂದು ಕೇಳುವುದಿಲ್ಲ, ಕಾರ್ಡ್ ಓದಿ ಕೊಳ್ಳುತ್ತಾರೆ. ಮದುವೆಯಿಲ್ಲ, ಮಕ್ಕಳಿಲ್ಲ, ಕಾರಿಲ್ಲ. ನೊಬುಕೋ ಅವರ ಆಸ್ತಿ ಅಂದರೆ ಆ ನಾಲ್ಕು ಸಾಲಿನ ಮೇಲೆ ಊರು ಇಟ್ಟ ನಂಬಿಕೆ ಒಂದೇ.

ಆ ಆಸ್ತಿಗೆ ಸಂಚಕಾರ ತಂದದ್ದು ‘ಲಿಸ್ಬನ್ನಿಗೆ ಒಂದು ಕಣ್ಣೀರು’ ಎಂಬ ಕಾದಂಬರಿ. ಬರೆದವಳು ಇದೇ ಊರಿನ ಹುಡುಗಿ, ಶಿರೈಷಿ ಮಿಯೋ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಇದೇ ಅಂಗಡಿಯಲ್ಲಿ ನಿಂತೇ ಪುಸ್ತಕ ಓದಿ ಮುಗಿಸಿ, ಒಂದೂ ಕೊಳ್ಳದೆ ಮನೆಗೆ ಹೋಗುತ್ತಿದ್ದವಳು. ನಿಂತು ಓದುವವರನ್ನು ಅಲ್ಲಿ ಯಾರೂ ಗದರುವುದಿಲ್ಲ, ಹೆಚ್ಚೆಂದರೆ ಅವರ ಪಕ್ಕದಲ್ಲೇ ಧೂಳು ಹೊಡೆಯುತ್ತಾರೆ. ಮಿಯೋ ಎಷ್ಟು ಧೂಳಿಗೂ ಜಗ್ಗಿದವಳಲ್ಲ.

“ಭಾನುವಾರ ಹುಡುಗಿ ಪುಸ್ತಕಕ್ಕೆ ಸಹಿ ಹಾಕೋಕೆ ಬರ್ತಾಳೆ,” ಅಂದರು ಯಜಮಾನ ಮೊರಿಯಾಸು. “ಕಾರ್ಡ್ ಜೋರಾಗಿರ್ಲಿ. ಮೂರು ಸಲ ಅತ್ತೆ ಅಂತ ಹಾಕ್ಬಿಡಿ.”

“ಮೊದ್ಲು ಓದ್ಬೇಕಲ್ಲ ಯಜಮಾನ್ರೇ.”

“ಅಳೋಕೆ ಓದ್ಲೇಬೇಕಾ?”

ಅಷ್ಟರಲ್ಲಿ ತೋಫು ಅಂಗಡಿಯ ಓತೊವಾ ಸಾನ್ ರಬ್ಬರ್ ಬೂಟು ಪಚಪಚ ಅನ್ನಿಸುತ್ತಾ ಒಳಗೆ ಬಂದರು. ತೋಫು ತೊಟ್ಟಿಯ ನೀರಿನಿಂದ ಮುಂಗೈ ತನಕ ಒದ್ದೆ, ಎಂದಿನ ಹಾಗೆ. ಮಗಳು ಸಾಯೊಗೆ ನಿಶ್ಚಯವಾಗಿದ್ದ ಗಂಡು ಒಸಾಕಾದಲ್ಲಿ ಬೇರೆಯವಳನ್ನು ಮದುವೆಯಾಗಿದ್ದ. ಅಂದಿನಿಂದ ಹುಡುಗಿ ಹಾಸಿಗೆ ಬಿಟ್ಟೇಳುತ್ತಿರಲಿಲ್ಲ.

“ಇದು ಪ್ರೇಮಭಂಗದ್ದಂತೆ? ಓದಿದ್ರೆ ನಮ್ಮ ಸಾಯೊ ಎದ್ದು ಕೂರ್ತಾಳಾ? ನೀವು ಹೂಂ ಅಂದ್ರೆ ತಗೊಂಡು ಹೋಗ್ತೀನಿ.”

“ಓದಿ ಹೇಳ್ತೀನಿ ಓತೊವಾ ಸಾನ್. ಎರಡು ದಿನ ತಡ್ಕೊಳಿ.”

ನೊಬುಕೋ ಓದಿದರು. ಓದುತ್ತಾ ಓದುತ್ತಾ ಹಲ್ಲು ಕಚ್ಚಿದರು. ಹುಡುಗ ಕೈಕೊಟ್ಟ ಮಾರನೆಯ ಅಧ್ಯಾಯಕ್ಕೇ ನಾಯಕಿ ಲಿಸ್ಬನ್ನಿನಲ್ಲಿ ಇಳಿದಿರುತ್ತಾಳೆ. ಯಾರ ದುಡ್ಡೋ, ರಜೆ ಕೊಟ್ಟವರು ಯಾರೋ! ಕೇಕ್ ತಿನ್ನುತ್ತಾಳೆ, ಅಳುತ್ತಾಳೆ. ಟ್ರಾಮ್ ಹತ್ತುತ್ತಾಳೆ, ಅಳುತ್ತಾಳೆ. ಗಿಟಾರ್ ಹಿಡಿದ ಒಬ್ಬ ಸಿಗುತ್ತಾನೆ, ಸಮುದ್ರದ ಬಗ್ಗೆ ಒಂದು ಮಾತು ಹೇಳುತ್ತಾನೆ, ಅಲ್ಲಿಗೆ ದುಃಖ ಮಂಗಮಾಯ. ನೊಬುಕೋಗೆ ಮೈಯೆಲ್ಲ ಉರಿಯಿತು. ಅವರೂ ಹತ್ತೊಂಬತ್ತರಲ್ಲಿ ಎದೆ ಒಡೆದುಕೊಂಡು ಹಡಗು ಹತ್ತಿದ್ದವರೇ, ಎದುರು ದಡದ ಬೆಪ್ಪು ಎಂಬ ಊರಿಗೆ. ದಾರಿಯುದ್ದಕ್ಕೂ ವಾಂತಿ. ದಡದಲ್ಲಿ ಒಂದು ಬನ್ನು ತಿಂದು ಮುಂದಿನ ಹಡಗಿಗೇ ವಾಪಸ್. ಗಿಟಾರಿನವನು ಹೋಗಲಿ, ಟಿಕೆಟ್ ಹರಿದವನೂ ಮುಖ ನೋಡಿರಲಿಲ್ಲ.

ಆದರೆ ನೂರ ನಲವತ್ತಮೂರನೇ ಪುಟದಲ್ಲಿ ಅವರು ನಿಂತುಬಿಟ್ಟರು. ಅಲ್ಲಿ ನಾಯಕಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕಾಯುತ್ತಿದ್ದಾಳೆ. ತನ್ನ ಬಟ್ಟೆಗಳ ನಡುವೆ ಕೈಕೊಟ್ಟವನ ಒಂದು ಕಾಲುಚೀಲ ಹೊರಬರುತ್ತದೆ. ಎಸೆಯಲು ಹೋಗಿ ಎಸೆಯುವುದಿಲ್ಲ. ಜೋಡಿ ಮಾಡಲು ಇನ್ನೊಂದಿಲ್ಲ. ಒಣಗಿದ ಒಂಟಿ ಕಾಲುಚೀಲವನ್ನು ತೊಡೆಯ ಮೇಲಿಟ್ಟು, ಮಡಿಸುವುದು ಹೇಗೆಂದು ತಿಳಿಯದೆ ಕೂತಿರುತ್ತಾಳೆ. ಅಷ್ಟೇ. ನೊಬುಕೋ ಮೂಗು ಒರೆಸಿಕೊಂಡರು. ಕಾಲುಚೀಲ ಮುಂದೆ ಏನಾಯಿತು ಎಂದು ಆತುರದಿಂದ ಪುಟ ತಿರುಗಿಸಿದರೆ ಮತ್ತೆ ಕೇಕ್! ಕೊನೆಯ ಪುಟದವರೆಗೂ ಆ ಕಾಲುಚೀಲದ ಸುದ್ದಿಯೇ ಇಲ್ಲ.

ಮೂರು ಕಾರ್ಡ್ ಬರೆದು ಹರಿದರು. ಸುಳ್ಳು ಬರೆದರೆ ಓತೊವಾ ಸಾನ್ ನಂಬಿ ಒಯ್ಯುತ್ತಾರೆ, ಸಾಯೊ ಆ ಗಿಟಾರಿನವನನ್ನು ಓದಿ ಗೋಡೆ ಕಡೆ ಹೊರಳುತ್ತಾಳೆ. ನಿಜ ಬರೆದರೆ ಊರ ಹುಡುಗಿಗೆ ಅವಮಾನ. ಕೊನೆಗೆ ನಿಜವೂ ಆದ, ಅವಮಾನವೂ ಅಲ್ಲದ ಒಂದು ಸಾಲು ಹೊಳೆಯಿತು: ‘ನೂರ ನಲವತ್ತಮೂರನೇ ಪುಟ ಓದಿ. ನಾನು ಅತ್ತೆ, ಒಂದು ಸಲ.’ ನೊಬುಕೋ ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ತಟ್ಟಿಕೊಂಡಿದ್ದು ಬೇಗವಾಯಿತು. ಜನ ಬಂದರು, ಕಾರ್ಡ್ ನೋಡಿದರು, ಹೇಳಿದ ಪುಟ ತೆಗೆದು ನಿಂತಲ್ಲೇ ಓದಿದರು, ಕಣ್ಣೊರೆಸಿಕೊಂಡರು, ಪುಸ್ತಕವನ್ನು ಅಲ್ಲೇ ಇಟ್ಟು ಹೋದರು. ನೊಬುಕೋ ಪಕ್ಕದಲ್ಲಿ ಧೂಳು ಹೊಡೆದರು. “ಕಾರ್ಡಲ್ಲಿ ಓದಿ ಅಂತ ನೀವೇ ಬರೆದಿದ್ದೀರಲ್ಲ ಆಂಟಿ,” ಅಂದಳೊಬ್ಬಳು ಶಾಲಾ ಹುಡುಗಿ. ಓತೊವಾ ಸಾನ್ ಕೂಡ ಬಂದು, ಒದ್ದೆ ಹೆಬ್ಬೆರಳಲ್ಲಿ ಆ ಪುಟ ಒತ್ತಿ ಹಿಡಿದು ಎರಡು ಸಲ ಓದಿ, ಪುಸ್ತಕ ಅಲ್ಲೇ ಇಟ್ಟು ಹೊರಟುಹೋದರು. ಶನಿವಾರದ ಹೊತ್ತಿಗೆ ರಾಶಿಯ ಮೇಲಿನ ಪ್ರತಿಗಳು ಮುಟ್ಟಿದರೆ ಸಾಕು, ತಾವಾಗಿ ಅದೇ ಪುಟಕ್ಕೆ ಬಾಯಿ ತೆರೆಯುತ್ತಿದ್ದವು.

“ಒಂದೂ ಹೋಗಿಲ್ಲ!” ಯಜಮಾನರು ತಲೆ ಚಚ್ಚಿಕೊಂಡರು. “ಕೊಳೆಯಾದದ್ದನ್ನ ಸಗಟಿನವರು ವಾಪಸ್ ತಗೊಳಲ್ಲ. ಮೂರು ಸಲ ಅತ್ತೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ನೊಬುಕೋ ಬಾಯಿ ತೆರೆದಿದ್ದ ಪ್ರತಿಗಳನ್ನು ಒಂದೊಂದಾಗಿ ಒತ್ತಿ ಮುಚ್ಚಿದರು.

ಭಾನುವಾರ ಮಿಯೋ ಬಂದಳು. ಸಹಿ ಹಾಕಲು ಮೇಜಿತ್ತು, ಪೆನ್ನಿತ್ತು, ಜನರಿರಲಿಲ್ಲ. ಅವಳು ಕಾರ್ಡ್ ಓದಿದಳು, ತಾನಾಗಿ ತೆರೆದುಕೊಂಡ ಪುಸ್ತಕ ನೋಡಿದಳು, ಕಿವಿ ಕೆಂಪಾಯಿತು.

“ಆಂಟಿ, ಈ ಪುಟ ಕಿತ್ಹಾಕಿ ಅಂದಿದ್ರು ಸಂಪಾದಕರು. ಕಾಲುಚೀಲದಲ್ಲಿ ಏನಿದೆ, ವಿದೇಶ ಬೇಕು ಅಂದ್ರು.”

“ಲಿಸ್ಬನ್ ಅಷ್ಟು ಚೆನ್ನಾಗಿತ್ತೇನಮ್ಮ?” ನೊಬುಕೋ ದನಿಯಲ್ಲಿ ವಾರದ ಸಿಟ್ಟೆಲ್ಲ ಇತ್ತು.

“ಪಾಸ್‌ಪೋರ್ಟೇ ಇಲ್ಲ ನನ್ಹತ್ರ. ಆ ಒಗೆಯೋ ಅಂಗಡಿ ಇದೆಯಲ್ಲ, ಅದು ಇದೇ ಬೀದಿಯ ಮೀನಿನಂಗಡಿ ಹಿಂದಿಂದೇ.”

“ಮತ್ತೆ ಮಿಕ್ಕ ಇನ್ನೂರು ಪುಟ ನಾನು ಯಾವ ಕರ್ಮಕ್ಕೆ ಓದ್ದೆ?”

ಮಿಯೋ ಬಾಯಿ ತೆರೆಯುವ ಮೊದಲು ರಬ್ಬರ್ ಬೂಟಿನ ಸದ್ದಾಯಿತು. ಓತೊವಾ ಸಾನ್ ನೇರ ರಾಶಿಯ ಹತ್ತಿರ ಬಂದು, ತಮ್ಮ ಹೆಬ್ಬೆರಳ ಕಲೆಯಿದ್ದ ಪ್ರತಿಯನ್ನೇ ಹುಡುಕಿ ತೆಗೆದರು.

“ಆ ಪುಟ ಸಾಯೊಗೆ ನಾನೇ ಬಾಯಲ್ಲಿ ಹೇಳ್ದೆ. ಎದ್ದು ಕೂತ್ಲು ನೊಬುಕೋ ಸಾನ್! ಕೂತು, ಆಮೇಲೆ ಕಾಲುಚೀಲ ಏನಾಯ್ತು ಅಂತ ಪ್ರಾಣ ತಿಂತಿದ್ದಾಳೆ. ಈ ಪುಸ್ತಕದಲ್ಲಿದೆ ತಾನೇ?”

ಯಜಮಾನರು ಹೂಂ ಅನ್ನಿ ಎಂದು ಹಿಂದಿನಿಂದ ಕಣ್ಣಲ್ಲೇ ಗೋಗರೆದರು. ಇಡೀ ವಾರದಲ್ಲಿ ಇದೊಂದೇ ಗಿರಾಕಿ.

“ಇಲ್ಲ,” ಅಂದರು ನೊಬುಕೋ. “ಮುಂದೆ ಬರೀ ಕೇಕು. ಬೇಕಾದ್ರೆ ಬರೆದವಳನ್ನೇ ಕೇಳಿ, ಇಲ್ಲೇ ಇದ್ದಾಳೆ.”

ಓತೊವಾ ಸಾನ್ ತಿರುಗಿದರು. ಮಿಯೋ ನೆಲ ನೋಡಿದಳು.

“ಇನ್ನೂ ನನ್ನ ಬೀರುವಿನಲ್ಲೇ ಇದೆ,” ಅಂದಳು ಸಣ್ಣಗೆ. “ಪ್ರತಿ ಸಲ ಮನೆ ಬದಲಾಯಿಸುವಾಗ್ಲೂ ಒಗೀತೀನಿ.”

“ಅದನ್ನ ಬರೆಯೋದಲ್ವೇನೇ!” ನೊಬುಕೋ ಕಿರುಚಿದ ರಭಸಕ್ಕೆ ಕಾರ್ಡ್ ಉರುಳಿ ಬಿತ್ತು.

ಓತೊವಾ ಸಾನ್ ಪುಸ್ತಕವನ್ನು ರಾಶಿಯ ಮೇಲೆ ವಾಪಸ್ ಇಟ್ಟು, ಒದ್ದೆ ಕೈಯಲ್ಲೇ ಮಿಯೋ ತೋಳು ಹಿಡಿದರು. “ಬಾ ಮಗಳೇ, ಸಾಯೊಗೆ ನೀನೇ ಹೇಳು,” ಎನ್ನುತ್ತಾ ಎಳೆದುಕೊಂಡು ಹೋದರು.

ಯಜಮಾನರು ಖಾಲಿ ಮೇಜನ್ನೂ ತುಂಬಿದ ರಾಶಿಯನ್ನೂ ನೋಡುತ್ತಾ ನಿಂತರು. ನೊಬುಕೋ ಬಿದ್ದ ಕಾರ್ಡನ್ನು ಎತ್ತಿ, ಸವರಿ, ಮತ್ತೆ ಅಲ್ಲೇ ನಿಲ್ಲಿಸಿದರು.