ಸ್ವಾಮಿಗೆಂದು ಬಿಟ್ಟ ಮೊಸರು

ಭಕ್ತ ಬಂಧುಗಳಿಗೆ ಹೊಳೆನರಸೀಪುರದಿಂದ ಸಾವಿತ್ರಿಯ ನಮಸ್ಕಾರ. ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯದ ಸ್ಥಿತಿಗೆ ಬಂದಿದ್ದ ನನ್ನನ್ನು ನರಸಿಂಹಸ್ವಾಮಿ ಹೇಗೆ ಎತ್ತಿ ನಿಲ್ಲಿಸಿದ ಎಂಬುದನ್ನು ನಡೆದದ್ದು ನಡೆದಂತೆ ಬರೆಯುತ್ತಿದ್ದೇನೆ. ನಾನು ಪ್ರೈಮರಿ ಶಾಲೆಯ ಮೇಡಂ. ಮಾತು ಉದ್ದವಾದರೆ ಕ್ಷಮಿಸಿ, ಮಕ್ಕಳದೂ ಇದೇ ದೂರು.

2002ನೇ ಇಸವಿ. ಮೊದಲು ಎರಡೂ ಪಾದಗಳಲ್ಲಿ ಜೋಮು ಶುರುವಾಯಿತು. ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಹಿಡಿಯುತ್ತದಲ್ಲ, ಹಾಗೆ. ಆದರೆ ಇದು ಬಿಡಲೇ ಇಲ್ಲ. ಜೋಮಿನ ಜೊತೆಗೇ ಉರಿ, ಸೂಜಿ ಚುಚ್ಚಿದಂಥ ನೋವು. ತೋರಿಸೋಣವೆಂದರೆ ಊತವಿಲ್ಲ, ಗಾಯವಿಲ್ಲ. ಆಗ ನಾನು ಅರಕಲಗೂಡು ರಸ್ತೆಯ ಹಳ್ಳಿಯೊಂದರ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಒಂದು ಬೆಳಿಗ್ಗೆ ಬಸ್ ಹತ್ತಿ ಸೀಟು ಹಿಡಿದು ಕೂತಿದ್ದೇನೆ, ಕಂಡಕ್ಟರ್ ಬಾಗಿಲಲ್ಲಿ ನಿಂತು, "ಮೇಡಮ್ಮೋರೇ, ಒಂದ್ ಚಪ್ಲಿ ಕೆಳಗೇ ಬುಟ್ಬುಟ್ಟಿದ್ದೀರಲ್ಲಾ!" ಎಂದು ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಆದರೆ ಚಪ್ಪಲಿ ಕಳಚಿದ್ದು ನನ್ನ ಕಾಲಿಗೆ ಗೊತ್ತೇ ಆಗಿರಲಿಲ್ಲ.

ಮಳೆಗಾಲದ ಹೊತ್ತಿಗೆ ಕೈಗೂ ಬಂತು. ಸೀಮೆಸುಣ್ಣ ಕೈಯಲ್ಲಿದೆಯೋ ಬಿತ್ತೋ ಎಂಬುದನ್ನು ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ರವಿಕೆಯ ಹುಕ್ಕು ಹಾಕಲು ಒಂಬತ್ತು ವರ್ಷದ ಮಗಳು ವೀಣಾಳನ್ನು ಕರೆಯಬೇಕು. ಹೀಗೇ ಆದರೆ ಕೆಲಸ ಹೋಗುತ್ತದೆ, ಹಾಸಿಗೆ ಹಿಡಿಯುತ್ತೇನೆ ಎಂಬ ಭಯ ಹಿಡಿಯಿತು.

ತೋರಿಸದ ಡಾಕ್ಟರಿಲ್ಲ. ಊರಿನ ಡಾಕ್ಟರು ವಾತ ಎಂದರು. ಚನ್ನರಾಯಪಟ್ಟಣದಲ್ಲಿ ಎಕ್ಸ್‌ರೇ ತೆಗೆಸಿ, ಕತ್ತಿನ ಮೂಳೆ ಸವೆದಿದೆ ಎಂದು ಕತ್ತಿಗೆ ಪಟ್ಟಿ ಹಾಕಿದರು. ಅದನ್ನು ಹಾಕಿಕೊಂಡು ಪಾಠ ಮಾಡುವಾಗ ಹಿಂದಿನ ಬೆಂಚಿನವರನ್ನು ಗದರಿಸಬೇಕಾದರೂ ಇಡೀ ಮೈ ತಿರುಗಿಸಬೇಕಿತ್ತು. ಸಕ್ಕರೆ ಕಾಯಿಲೆಯೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದರೆ ಅದೂ ಇಲ್ಲ. ಕೊನೆಗೆ ಒಬ್ಬರು, "ಮನಸ್ಸಿಗೆ ಹಚ್ಕೋಬೇಡಿ ಅಮ್ಮ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಯಾರನ್ನೂ ದೂರುವುದಿಲ್ಲ, ಕಣ್ಣಿಗೆ ಕಾಣದ ನೋವನ್ನು ಅವರಾದರೂ ಹೇಗೆ ಹಿಡಿಯಬೇಕು? ಆದರೆ ಅಂದು ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ನೋಯುತ್ತಿದೆ ಎಂದರೆ ನಂಬುವವರೇ ಇಲ್ಲವಲ್ಲ ಎಂದು ಸಂಕಟವಾಗಿತ್ತು.

ನಂಬುವವನು ಸ್ವಾಮಿಯೊಬ್ಬನೇ ಎಂದುಕೊಂಡು ಪ್ರತಿ ಶನಿವಾರ ದೇವಸ್ಥಾನಕ್ಕೆ ಹೋಗತೊಡಗಿದೆ. ಅಲ್ಲಿ ಇನ್ನೊಂದು ಶುರುವಾಯಿತು. ಮಂಗಳಾರತಿ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೈ ಮುಗಿದರೆ ಸಾಕು, ಮೈ ತೂಗಿ ಪಕ್ಕಕ್ಕೆ ವಾಲುತ್ತಿದ್ದೆ. ಒಂದು ಶನಿವಾರ ಪೂರ್ತಿ ಬಿದ್ದೇಬಿಟ್ಟೆ. ಮಲ್ಲಿಪಟ್ಟಣದ ಕಡೆಯಿಂದ ಬರುತ್ತಿದ್ದ ತಿಮ್ಮಕ್ಕ ಎಂಬ ಹೆಂಗಸು ಕೈ ಅಡ್ಡ ಹಿಡಿದು ಎಲ್ಲರನ್ನೂ ತಡೆದಳು.

"ಯಾರೂ ಮುಟ್ಬ್ಯಾಡಿ ಕಣ್ರವ್ವಾ! ಮೇಡಮ್ಮೋರ ಮೈಮ್ಯಾಲೆ ಸ್ವಾಮಿ ಬಂದವ್ನೆ!"

ಏಳಲಾಗದೆ ಒದ್ದಾಡುತ್ತಿದ್ದ ನನ್ನ ಕಾಲಿಗೆ ಬಿದ್ದು, "ನಮ್ ಉಡ್ಗೀಗೆ ಈ ವರ್ಸನಾರ ಗಂಡು ಕೂಡ್ಬತ್ತದಾ, ಯೋಳಪ್ಪಾ" ಎಂದು ಕೇಳಿದಳು. "ಕೈ ಹಿಡಿದು ಎಬ್ಬಿಸು ತಾಯಿ" ಎಂದರೆ ಅದನ್ನೂ ದೇವರ ಅಪ್ಪಣೆ ಎಂದೇ ತಿಳಿದಳು. ಮುಂದಿನ ವಾರ ನಾಲ್ಕೈದು ಹೆಂಗಸರು ನಾನು ಬೀಳುವುದನ್ನೇ ಕಾಯುತ್ತ ನಿಂತಿದ್ದರು. ನಿಜ ಹೇಳುತ್ತೇನೆ, ಇರಬಹುದೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಕಾಯಿಲೆ ಎನ್ನುವುದಕ್ಕಿಂತ ದೇವರು ಎನ್ನುವುದು ಸಮಾಧಾನದ ಮಾತಲ್ಲವೇ?

ನಮ್ಮತ್ತೆ ಮಾತ್ರ ಒಪ್ಪಲಿಲ್ಲ. "ಸ್ವಾಮಿ ಬಂದ್ರೆ ನಿಲ್ಲಿಸ್ತಾನೆ ಕಣೇ, ಬೀಳಿಸ್ತಾನಾ? ಸೋಮವಾರ ರಜ ಹಾಕಿ ಹಾಸನಕ್ಕೆ ಹೋಗು" ಎಂದರು.

ಹಾಸನಕ್ಕೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರೊಬ್ಬರ ಹತ್ತಿರ ಯಜಮಾನರು ಕರೆದುಕೊಂಡು ಹೋದರು. ಹಳೆಯ ಎಕ್ಸ್‌ರೇಗಳನ್ನು ಹರಡಲು ಹೋದರೆ, "ಅವು ಆಮೇಲೆ. ಅಮ್ಮಾ, ನೀವು ಹೇಳಿ" ಎಂದು ಆಕೆ ಕೇಳುತ್ತ ಕೂತರು. ನಾಚಿಕೆ ಬಿಟ್ಟು ದೇವಸ್ಥಾನದ ಸಂಗತಿಯನ್ನೂ ಹೇಳಿದೆ. ಅವರು ನಗಲಿಲ್ಲ.

"ದೇವರ ಮುಂದೆ ಮಾತ್ರ ಬೀಳ್ತೀರಾ? ತಲೆಗೆ ನೀರು ಹಾಕ್ಕೊಳ್ಳುವಾಗ?"

ಆಗ ಹೊಳೆಯಿತು. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗಲೆಲ್ಲ ನಾನು ಗೋಡೆ ಹಿಡಿಯುತ್ತಿದ್ದೆ. ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದ್ದೇ ತಡ, ಅವರ ತೋಳಿನ ಮೇಲೇ ಬಿದ್ದೆ.

"ಕಾಲು ಎಲ್ಲಿದೆ ಅಂತ ನಿಮ್ಮ ನರ ಹೇಳ್ತಿಲ್ಲ, ಕಣ್ಣು ನೋಡಿ ಹೇಳ್ತಿದೆ. ಕಣ್ಣು ಮುಚ್ಚಿದ್ರೆ ಹೇಳೋರೇ ಇಲ್ಲ" ಎಂದರು. ಆಮೇಲೆ ಊಟದ ವಿಚಾರ ಬಂತು. ಬೇರೆ ಡಾಕ್ಟರುಗಳೂ ಊಟ ಸೇರುತ್ತದೆಯೇ ಎಂದು ಕೇಳಿದ್ದರು, ಸೇರುತ್ತದೆ ಎಂದಿದ್ದೆ. ಈಕೆ ಒಂದೊಂದಾಗಿ ಕೇಳಿದರು. ಮಾಂಸ, ಮೊಟ್ಟೆ? ನಮ್ಮ ಮನೆಯಲ್ಲಿ ಇಲ್ಲ. ಹಾಲು, ಮೊಸರು?

"ಮುಟ್ಟಲ್ಲ ಡಾಕ್ಟ್ರೇ. ಹರಕೆ."

ವೀಣಾಗೆ ನಾಲ್ಕು ವರ್ಷವಿದ್ದಾಗ, 1997ರಲ್ಲಿ, ಮಿದುಳು ಜ್ವರ ಬಂದು ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದಳು. ನನಗೆ ಮೊಸರೆಂದರೆ ಪ್ರಾಣ. ಅದನ್ನೇ ಬಿಡಬೇಕು ಎನ್ನಿಸಿ, "ಮಗುವನ್ನು ಉಳಿಸಿಕೊಡಪ್ಪ, ಜೀವ ಇರುವ ತನಕ ಹಾಲು ಮೊಸರು ಮುಟ್ಟುವುದಿಲ್ಲ" ಎಂದು ಸ್ವಾಮಿಗೆ ಮಾತು ಕೊಟ್ಟೆ. ಮಗು ಕಣ್ಣು ಬಿಟ್ಟಿತು. ಅಂದಿನಿಂದ ಕಾಫಿಗೂ ಹಾಲು ಹಾಕಲಿಲ್ಲ. ನನಗೆ ಅದು ಭಕ್ತಿಯೇ ಹೊರತು ಊಟದ ವಿಷಯವಾಗಿರಲಿಲ್ಲ, ಡಾಕ್ಟರಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಬೆಂಗಳೂರಿಗೆ ಕಳಿಸಿದ ರಕ್ತದ ಫಲಿತಾಂಶ ಬಂದಾಗ ಡಾಕ್ಟರು ಮೆತ್ತಗೆ ಹೇಳಿದರು. "ನರಕ್ಕೆ ಬೇಕಾದ ಬಿ ಹನ್ನೆರಡು ಅನ್ನೋ ವಿಟಮಿನ್ ನಿಮ್ಮಲ್ಲಿ ಮುಗಿದುಹೋಗಿದೆ. ನಿಮಗದು ಹಾಲು ಮೊಸರಿಂದಲೇ ಬರಬೇಕಿತ್ತು. ಈಗ ಇಂಜೆಕ್ಷನ್ ಕೊಡ್ತೀನಿ. ಆದ್ರೆ ಹಾಲು ಶುರು ಮಾಡದಿದ್ರೆ ಮತ್ತೆ ಬರುತ್ತೆ, ಇನ್ನೊಂದು ಸಲ ನರ ಇಷ್ಟು ಸುಲಭಕ್ಕೆ ಸರಿಹೋಗಲ್ಲ."

ರೋಗಕ್ಕೆ ಹೆಸರು ಸಿಕ್ಕಿದ ಸಂತೋಷ ಆಸ್ಪತ್ರೆಯ ಗೇಟು ದಾಟುವವರೆಗೂ ಉಳಿಯಲಿಲ್ಲ. ಇಂಜೆಕ್ಷನ್ ಚುಚ್ಚಿಸಿಕೊಂಡೆ. ಹಾಲು ಹೇಗೆ ಕುಡಿಯಲಿ? ಕೊಟ್ಟ ಮಾತು ಮುರಿದು ಮಗುವಿಗೆ ಏನಾದರೂ ಆದರೆ? ಹೋದರೆ ನನ್ನ ಕಾಲು ಹೋಗಲಿ ಎಂದೇ ತೀರ್ಮಾನಿಸಿದ್ದೆ. ಯಜಮಾನರು ಬೇಡಿಕೊಂಡರು, ಗದರಿದರು, ಕೊನೆಗೆ ಮಾತು ಬಿಟ್ಟರು.

ಸ್ವಾಮಿಯನ್ನೇ ಕೇಳೋಣವೆಂದು ಹೂವಿನ ಪ್ರಸಾದ ಕೇಳಲು ಹೋದೆ. ಹರಕೆಯಿಂದ ಬಿಡುಗಡೆ ಕೊಡುವುದಾದರೆ ಬಲಗಡೆಯಿಂದ ಹೂ ಕೊಡು, ಇಲ್ಲವಾದರೆ ಎಡಗಡೆಯಿಂದ ಕೊಡು ಎಂದು ಬೇಡಿ, ಕಂಬಕ್ಕೆ ಒರಗಿ ನಿಂತೆ. ಎಷ್ಟು ಹೊತ್ತಾದರೂ ಒಂದು ದಳವೂ ಅಲ್ಲಾಡಲಿಲ್ಲ. "ಇವತ್ತು ಸ್ವಾಮಿ ಏನೂ ಹೇಳ್ತಿಲ್ಲ ಕಣಮ್ಮ, ಇನ್ನೊಂದಿನ ಬಾ" ಎಂದರು ಅರ್ಚಕರು. ನನ್ನ ಸ್ವಾಮಿಯೂ ಕೈ ಬಿಟ್ಟನೆಂದು ಅಳುತ್ತ ಮನೆಗೆ ಬಂದೆ.

ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಇದನ್ನೆಲ್ಲ ಹೇಳುತ್ತಿದ್ದೆ. ವೀಣಾ ಹಾಲಿನ ಲೋಟ ಹಿಡಿದು ಅಲ್ಲೇ ಕೂತಿದ್ದಳು. ಹರಕೆ ತನಗಾಗಿ ಎಂಬುದು ಅವಳಿಗೆ ಅದುವರೆಗೂ ಗೊತ್ತಿರಲಿಲ್ಲ. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ನಂಗೂ ಹಾಲು ಬೇಡ."

"ಯಾಕೇ?"

"ಅಮ್ಮನ ಕಾಲು ಸರಿಹೋಗೋ ತನಕ ಮುಟ್ಟಲ್ಲ ಅಂತ ಸ್ವಾಮಿಗೆ ಹೇಳ್ಬಿಟ್ಟಿದೀನಿ."

ನನಗೆ ಎಲ್ಲಿತ್ತೋ ಕೋಪ, ಕೂಗಾಡಿಬಿಟ್ಟೆ. "ಯಾರೇ ನಿನ್ನ ಕೇಳಿದ್ದು? ನೀನು ಬಾಯಿ ಕಟ್ಟಿ ಸೊರಗಿದ್ರೆ ನಂಗೆ ಸಂತೋಷ ಆಗುತ್ತಾ? ನಾನು ನಿನ್ನ ಅಮ್ಮ ಅಲ್ವೇನೇ!"

ಅತ್ತೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಈಗ ಏನಂದೆ ಸಾವಿತ್ರಿ? ಇನ್ನೊಂದ್ಸಲ ಹೇಳು."

ದೇವಸ್ಥಾನದಲ್ಲಿ ಸಿಗದ ಉತ್ತರ ನನ್ನ ಬಾಯಿಂದಲೇ ಬಂದಿತ್ತು. ಅತ್ತೆ ತಟ್ಟೆಗೆ ಅನ್ನ ಹಾಕಿ ಮೊಸರು ಸುರಿದರು. ಮೊದಲ ತುತ್ತು ಕಣ್ಣೀರಿನ ಜೊತೆಗೇ ಇಳಿಯಿತು. ಎದುರಿಗೆ ವೀಣಾ ನನ್ನನ್ನೇ ನೋಡುತ್ತ ಲೋಟ ಎತ್ತಿಕೊಂಡಳು. ಅಂದು ಅವಳು ಮಲಗಿದ ಮೇಲೂ ಹೋಗಿ ಹಣೆ ಮುಟ್ಟಿ ನೋಡಿದೆ. ಜ್ವರವಿರಲಿಲ್ಲ.

ಇಂಜೆಕ್ಷನ್ನು ತಿಂಗಳುಗಟ್ಟಲೆ ನಡೆಯಿತು. ಮೊದಲು ಉರಿ ಹೋಯಿತು, ಆಮೇಲೆ ನಿಧಾನಕ್ಕೆ ಜೋಮು ಇಳಿಯಿತು. ಎಡಗಾಲಿನ ಬೆರಳುಗಳಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಇರಲಿ. ದಿನಾ ಶಾಲೆಗೆ ಹೋಗುತ್ತಿದ್ದೇನೆ. ನಾನು ಬೀಳುವುದು ನಿಂತ ಮೇಲೆ ತಿಮ್ಮಕ್ಕನಿಗೆ ನನ್ನ ಮೇಲೆ ಸ್ವಲ್ಪ ಬೇಸರವೇ. ಹರಕೆ ಹೊತ್ತ ತಾಯಂದಿರಲ್ಲಿ ನನ್ನದೊಂದು ವಿನಂತಿ, ಏನು ಬಿಟ್ಟಿದ್ದೀರಿ ಎಂಬುದನ್ನು ಡಾಕ್ಟರಿಗೆ ಹೇಳಿ.

ಅಷ್ಟು ವರ್ಷ ನಾನು ಮಗಳ ಜೀವಕ್ಕೆ ದಿನದಿನವೂ ಬೆಲೆ ತೆರುತ್ತಿದ್ದೇನೆ, ಒಂದು ದಿನ ತಪ್ಪಿದರೂ ಸ್ವಾಮಿ ವಾಪಸು ತೆಗೆದುಕೊಳ್ಳುತ್ತಾನೆ ಎಂದು ಹೆದರಿ ಬದುಕಿದೆ. ಈಗ ಹೆದರಿಕೆಯಿಲ್ಲದೆ ಅವನ ಮುಂದೆ ನಿಲ್ಲುತ್ತೇನೆ. ಅವನು ನನಗೆ ಮಗುವನ್ನು ಮಾರಿರಲಿಲ್ಲ, ಕೊಟ್ಟಿದ್ದ.