ದುಃಖದ ಮನೆಗೆ ಕುರ್ಚಿ ಹೊರುವ ಅಣ್ಣ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತೆರೆದ ಬಾಗಿಲಿನೊಳಗಿಂದ ಅಳು ಕೇಳಿಬರುತ್ತಿದೆ. ಹೊರಗೆ ತಳ್ಳುಗಾಡಿ ನಿಲ್ಲಿಸಿದ ಕುರ್ಚಿಯಣ್ಣ ಮಡಚು ಕುರ್ಚಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾರೆ. ಕಬ್ಬಿಣದ ಕಾಲು ನೆಲಕ್ಕೆ ಬಡಿದು ಸದ್ದಾಗದಂತೆ ತಮ್ಮ ಪಾದವನ್ನೇ ಅಡ್ಡ ಕೊಡುತ್ತಾರೆ. ಹಾಕುವುದು ಸಾಲಾಗಿ ಅಲ್ಲ, ಎದುರುಬದುರಾಗಿ.

"ಸಾಲಾಗಿ ಹಾಕಿದ್ರೆ ಭಾಷಣ ಕೇಳೋಕೆ ಬಂದೋರ ಥರ ಕೂತ್ಬಿಡ್ತಾರೆ. ಮುಖ ಮುಖ ಕಂಡ್ರೆ ತಾನೇ ನಾಲ್ಕು ಮಾತು ಹೊರಡೋದು?"

ಮದುವೆಗೆ, ಸಭೆಗೆ ಕುರ್ಚಿ ಬಾಡಿಗೆ ಕೊಡುವುದು ಇವರ ಕಸುಬು. ಸಾವಿನ ಮನೆಗೆ ಮಾತ್ರ ಬಾಡಿಗೆಯ ಮಾತೇ ಇಲ್ಲ. ಸುದ್ದಿ ಮುಟ್ಟಿದರೆ ಸಾಕು, ಬಾಯಿಗಿಟ್ಟ ತುತ್ತನ್ನೂ ಬಿಟ್ಟು ಗಾಡಿ ಹೊರಡಿಸುತ್ತಾರೆ. ಮಂಡಿನೋವು ಜಾಸ್ತಿಯಾಗಿ ಈಗೀಗ ಏರುದಾರಿಯಲ್ಲಿ ನಿಂತು ನಿಂತು ತಳ್ಳಬೇಕು. ಹಿಂದೆ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಈಗ ಅರ್ಧಕ್ಕರ್ಧ ಖಾಲಿ ಉಳಿಯುತ್ತವೆ.

"ಮದುವೆಗೆ ಬಂದೋರು ಎಲೆ ನೋಡ್ತಾರೆ, ಸಾವಿಗೆ ಬಂದೋರು ಗಡಿಯಾರ ನೋಡ್ತಾರೆ" ಎಂದು ನಗುತ್ತಾರೆ. ನಗು ಕಣ್ಣಿನವರೆಗೆ ಏರುವುದಿಲ್ಲ.

ಹೋದ ವರ್ಷ ಹೆಂಡತಿ ತೀರಿಕೊಂಡರು. ಕುರ್ಚಿಗಳ ಬಟ್ಟೆ ಹರಿದರೆ ಹೊಲಿಯುತ್ತಿದ್ದವರು ಅವರೇ. ಆ ಬೆಳಿಗ್ಗೆ ಕುರ್ಚಿಯಣ್ಣ ಮಗಳ ಜೊತೆ ತಮ್ಮ ಅಂಗಳದಲ್ಲೇ ಕುರ್ಚಿ ಹಾಕಿದರು. ಪಕ್ಕದ ಎರಡು ಮನೆಯವರು ಬಂದರು, ಗಾಡಿ ರಿಪೇರಿಯವನು ಬಂದ. ಇನ್ಯಾರೂ ಬರಲಿಲ್ಲ. ಎಲ್ಲರ ಮನೆ ಬಾಗಿಲೂ ಇವರಿಗೆ ಗೊತ್ತು. ಇವರ ಮನೆ ಯಾವ ಓಣಿಯಲ್ಲಿದೆ ಎಂದು ಯಾರೂ ಕೇಳಿರಲಿಲ್ಲ.

"ಜನ ಬಂದೇ ಬರ್ತಾರೆ ಅಂದ್ಕೊಂಡು ಇದ್ದಬದ್ದ ಕುರ್ಚಿ ಎಲ್ಲಾ ಹಾಕ್ಬಿಟ್ಟಿದ್ದೆ. ಮಗಳು ಒಂದೊಂದಾಗಿ ಮಡಚೋಕೆ ಶುರು ಮಾಡಿದ್ಲು. ಬೇಡಮ್ಮ, ಇನ್ನೂ ಸ್ವಲ್ಪ ಹೊತ್ತು ಇರ್ಲಿ ಅಂದೆ."

ತಿಂಗಳಾದ ಮೇಲೆ ಒಬ್ಬ ದರ್ಜಿ ಹೆಂಗಸು ಮನೆ ಹುಡುಕಿಕೊಂಡು ಬಂದರು. ಅವರ ಗಂಡ ಸತ್ತ ದಿನ ಕುರ್ಚಿಯಣ್ಣ ಸಂಜೆಯವರೆಗೂ ಅಲ್ಲೇ ಕೂತಿದ್ದರಂತೆ. "ನಮಗೊಂದು ಮಾತು ಹೇಳಿ ಕಳಿಸಬಾರದಿತ್ತಾ ಅಣ್ಣಾ?" ಎಂದು ಬೈಯುತ್ತಲೇ ಅತ್ತರು.

"ಹೇಳಿ ಕಳಿಸೋದು ನನಗೆ ತೋಚಲೇ ಇಲ್ಲ ತಾಯಿ. ಯಾವಾಗ್ಲೂ ಬೇರೆಯವರೇ ನನಗೆ ಹೇಳಿ ಕಳಿಸ್ತಿದ್ರು."

ಅಂದಿನಿಂದ ದರ್ಜಿಯಮ್ಮ ಆಗಾಗ ಬಂದು ಹೋಗುತ್ತಾರೆ, ಹರಿದ ಕುರ್ಚಿಗೆ ಹೊಲಿಗೆ ಹಾಕಿಕೊಡುತ್ತಾರೆ. ಆದರೂ ಮಗಳಿಗೆ ಸಿಟ್ಟು ಇಳಿದಿಲ್ಲ. "ನಮ್ಮನೆಗೆ ಬರದೇ ಇದ್ದೋರ ಮನೆಗೆ ನೀವ್ಯಾಕಪ್ಪ ಹೋಗ್ಬೇಕು?" ಎಂದು ಇವತ್ತೂ ಕೇಳಿದಳಂತೆ. ಅಪ್ಪ ಗಾಡಿಗೆ ಕುರ್ಚಿ ಏರಿಸಿದರು. ಸ್ವಲ್ಪ ಹೊತ್ತು ನೋಡಿ ಅವಳೂ ಕೈ ಹಾಕಿದಳು.

ಏನಾದರೂ ಆಸೆ ಉಂಟೇ ಎಂದರೆ ಕುರ್ಚಿಯಣ್ಣ ಕೈಯಲ್ಲಿದ್ದ ಕುರ್ಚಿಯನ್ನು ಬಿಡಿಸಿ ಹಾಕುತ್ತಾರೆ.

"ನನ್ನ ಸರದಿ ಬಂದಾಗ ಮಗಳೊಬ್ಳೇ ಕುರ್ಚಿ ಹೊರೋ ಹಾಗಾಗಬಾರ್ದು. ಅಷ್ಟೇ."